ರೇಸಿನಲ್ಲಿ ಬ್ರೇಕ್ ಹಾಕಿದ ಬಸಣ್ಣ

ಗೆಳೆಯರೇ, ದಯವಿಟ್ಟು ಎದ್ದು ನಿಂತು ಓದಿ, ಇದು ಒಬ್ಬ ಮುತ್ತಜ್ಜನ ಕಥೆ.

ನ್ಯಾಮತಿಯ ಟಿವಿ ರಿಪೇರಿ ದಸ್ತಗೀರ್ ಚಾಚಾ ಅಂಗಡಿಯಲ್ಲಿ ಹಳೆಯ ಕಾರ್ ರೇಸ್ ಮಷೀನ್ ಇದೆ. ಸೀಟು, ಸ್ಟೇರಿಂಗು, ಗೇರು ಎಲ್ಲ ಇರುವಂಥದ್ದು. ನಮ್ಮ ಮೊಬೈಲಿನ ಕಾರ್ ಗೇಮುಗಳಿಗೆಲ್ಲ ಇದೇ ಮುತ್ತಜ್ಜ. ಸತ್ತುಹೋಗಿದ್ದ ಈ ಮುತ್ತಜ್ಜನಿಗೆ ಚಾಚಾ ತಿಂಗಳುಗಟ್ಟಲೆ ಕೂತು ಜೀವ ತುಂಬಿದ್ದರು. ಆಡಲು ಮಾತ್ರ ಒಬ್ಬರೂ ಬರಲಿಲ್ಲ. ಹೊಲಿಗೆ ಮಷೀನಿಗೆ ಜಾಗ ಬೇಕೆಂದು ಚಾಚಿ ಇಂದು ಗುಜರಿಯವನನ್ನೇ ಕರೆಸಿಬಿಟ್ಟರು.

"ಒಬ್ರಾದ್ರೂ ಆಡಿ ತೋರಿಸ್ರಿ, ಇರ್ಲಿ ಅಂತೀನಿ," ಎಂದರು.

ನಾನು ಸ್ಟ್ಯಾಂಡಿಗೆ ಓಡಿ, ಚಹಾ ಕುಡಿಯುತ್ತಿದ್ದ ಸವಳಂಗ ಬಸ್ಸಿನ ಡ್ರೈವರ್ ಬಸಣ್ಣನನ್ನು ಎಳೆದು ತಂದೆ. ಬಸಣ್ಣ ಸ್ಟೇರಿಂಗಿಗೆ ಕೈಮುಗಿದು ಕೂತ. ಕಾರು ಹಾರಿತು. ಪರದೆಯ ಮೇಲೆ, ತಿರುವಿನಲ್ಲಿ ರೇಸ್ ನೋಡುವ ಜನ ಕೈ ಬೀಸುತ್ತಿದ್ದರು. ಬಸಣ್ಣ ಬ್ರೇಕ್ ಒತ್ತಿ ನಿಲ್ಲಿಸಿಯೇಬಿಟ್ಟ!

"ಹೊಡಿ ಅಣ್ಣಾ, ಟೈಮ್ ಹೋಗ್ತೈತೆ!" ಎಂದೆ.

"ಅಷ್ಟು ಜನ ಕೈ ಮಾಡ್ತಾರೆ, ಬಿಟ್ಟು ಹೋಗಾಕೆ ಆಗ್ತೈತೇನಲೇ?"

ಟೈಮ್ ಮುಗಿಯಿತು, ಆಟ ಖತಂ. ಚಾಚಾ ಮುಖ ಸಣ್ಣದಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದ ಚಾಚಿ ಮುಂದೆ ಬಂದರು.

"ಏಳ್ರಿ ಬಸಣ್ಣಾ. ಗಾಡಿ ಓಡಿಸೋ ಪೆಡಲ್ ಯಾವ್ದು ಅಷ್ಟು ತೋರಿಸ್ರಿ, ಬ್ರೇಕ್ ನಂಗೆ ಬ್ಯಾಡ."

ಚಾಚಿ ನಿಲ್ಲದೆ ಮೂರು ಆಟ ಆಡಿದರು. ಗುಜರಿಯವನು ತಕ್ಕಡಿಯನ್ನು ತನ್ನ ಗಾಡಿಗೆ ಹಾಕಿ ಬಂದು ಪಾಳಿಯಲ್ಲಿ ನನ್ನ ಹಿಂದೆ ನಿಂತ.

ಸವಳಂಗದ ಪ್ರಯಾಣಿಕರೇ, ಇಂದು ಬಸ್ಸು ತಡವಾದದ್ದಕ್ಕೆ ಕ್ಷಮೆಯಿರಲಿ. ಬಸಣ್ಣ ಪಾಳಿಯಲ್ಲಿ ಗುಜರಿಯವನ ಹಿಂದೆ ನಿಂತಿದ್ದ.