ಟವೆಲಿನ ಕೆಳಗಿನ ಇಂಗ್ಲಿಷ್

ದಸರಾ ರಜೆ ಮುಗಿದು ಶಾಲೆ ತೆರೆದ ವಾರವೇ ಆ ಎತ್ತಿನ ದಲ್ಲಾಳಿ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಹಿತ್ತಾಳೆ ಕಟ್ಟಿನ ಬಡಿಗೆ. ಒಂಬತ್ತನೆಯ ತರಗತಿಯಲ್ಲಿದ್ದ ಮಗಳನ್ನು ಶಾಲೆ ಬಿಡಿಸಲು ಬಂದಿದ್ದರು.

“ಐದನೆತ್ತಾದಿಂದ ಇಂಗ್ಲಿಷ್ ಕಲಿಯಾಕ ಹತ್ಯಾಳ್ರಿ ಸರ. ಮೊನ್ನಿ ಹುಬ್ಬಳ್ಳಿಯಿಂದ ಬೀಗರು ಬಂದಿದ್ರು. ಇಂಗ್ಲಿಷಿನ್ಯಾಗ ಒಂದ್ ಮಾತ್ ಆಡ ತಂಗಿ ಅಂದ್ರ ಕಂಬ ನಿಂತಂಗ ನಿಂತ್ಲು. ನೊಗಕ್ಕ ಹೆಗಲ ಕೊಡಲಾರದ ಎತ್ತ ಎಷ್ಟ್ ದಿನಾ ಮೇಯಿಸೂದ್ರಿ?”

“ಹದಿನೈದ ದಿನಾ ಕೊಡ್ರಿ,” ಎಂದೆ. “ಆಮ್ಯಾಲ ನೀವ ಬಂದು ಕೇಳ್ರಿ. ಮಾತಾಡಿದ್ಲಂದ್ರ ಹತ್ತನೆತ್ತಾ ಮುಗಿಯೂತನಾ ಬಿಡಸಂಗಿಲ್ಲ.”

“ಮಾತಾಡಲಿಲ್ಲಂದ್ರ?”

“ಕರಕೊಂಡ್ ಹೋಗ್ರಿ.”

“ಆತು,” ಎಂದು ಅವರು ಬಡಿಗೆ ಕುಟ್ಟುತ್ತ ಹೋದರು. ಮಾಲು ಕೈಯಲ್ಲಿಲ್ಲದೆ ಮಾತು ಕೊಟ್ಟಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕಾಲೇಜಿನ ದಿನಗಳಲ್ಲಿ ನಾನು ನವಲಗುಂದದ ಜಮಖಾನ ಹೆಗಲಿಗೇರಿಸಿಕೊಂಡು ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಮಾರಿದವನು. ಬಿ.ಎಡ್. ಮುಗಿಸಿದ್ದೂ ಅದರ ಮೇಲೆಯೇ. ಗಿರಾಕಿಯ ಕಣ್ಣು ಜಮಖಾನದ ಯಾವ ಬಣ್ಣದ ಮೇಲೆ ನಿಂತಿದೆ ಎಂದು ನೋಡದೆ ನಾನು ದರ ಹೇಳುತ್ತಿರಲಿಲ್ಲ. ಅಂಥವನು ಈ ಹುಡುಗಿಯ ಗಂಟಲಲ್ಲಿ ಏನಿದೆ ಎಂದು ತಿಳಿಯದೆಯೇ ವ್ಯಾಪಾರ ಕುದುರಿಸಿ ಕೂತಿದ್ದೆ.

ಮೊರಬದ ಆಚೆ, ಎರೆಹೊಲಗಳ ನಡುವಿನ ಹೈಸ್ಕೂಲು ಅದು. ಎಂಬತ್ತರ ದಶಕದ ಆರಂಭ. ಆಗ ಇಂಗ್ಲಿಷ್ ಪಾಠ ಎಂದರೆ ಮಾಸ್ತರರು ಓದುವುದು, ಮಕ್ಕಳು ಒಕ್ಕೊರಲಿನಲ್ಲಿ ಹಿಂದೆ ಹೇಳುವುದು. ಒಬ್ಬೊಬ್ಬರನ್ನೇ ಎಬ್ಬಿಸಿದರೆ ಎಲ್ಲರಿಗೂ ನೆಲದ ಮೇಲೇ ಕಣ್ಣು. ಅದೇ ಮಕ್ಕಳು ಮಂಗಳವಾರದ ಸಂತೆಯಲ್ಲಿ ಮೆಣಸಿನಕಾಯಿಗೆ ಹೇಗೆ ಜಗ್ಗಾಡುತ್ತಾರೆ ಎಂಬುದನ್ನು ನಾನು ಕಂಡಿದ್ದೆ. ಹಾಗಾದರೆ ಸಂತೆಯನ್ನೇ ತರಗತಿಗೆ ತರೋಣ ಎಂದುಕೊಂಡೆ.

ಮರುದಿನ ಉಳ್ಳಾಗಡ್ಡಿ, ಬದನೆಕಾಯಿ, ಒಂದು ಹಳೆಯ ಲಾಟೀನು, ಎಲ್ಲ ಬಂದವು. ಚೌಕಾಸಿ ಶುರುವಾದದ್ದೇ ತಡ, ಬಾಜೂ ಕೋಣೆಯ ಗಣಿತದ ಮಾಸ್ತರರು ಓಡಿ ಬರುವಷ್ಟು ಗದ್ದಲ. ಆದರೆ ಎಲ್ಲವೂ ಕನ್ನಡದಲ್ಲಿ. “ಇಂಗ್ಲಿಷಿನ್ಯಾಗ್ರಲೇ,” ಎಂದೊಡನೆ ಸಂತೆ ತಣ್ಣಗಾಯಿತು. ದಲ್ಲಾಳಿಯ ಮಗಳ ಮುಂದೆ ಹಸಿಮೆಣಸಿನಕಾಯಿಯ ಪುಟ್ಟಿ ಇತ್ತು. ನಾನೇ ಹೋಗಿ ಕುಕ್ಕರುಗಾಲಲ್ಲಿ ಕೂತು “ಹೌ ಮಚ್?” ಎಂದೆ. ಅವಳು ನನ್ನ ಮುಖ ನೋಡಿದಳು, ಪುಟ್ಟಿ ನೋಡಿದಳು, ಸುಮ್ಮನಾದಳು.

ತರಗತಿ ಬಿಟ್ಟ ಮೇಲೆ ಕರೆದು ಕೇಳಿದೆ. “ಹೆದರಿಕಿ ಏನ ತಂಗಿ?”

“ಹೆದರಿಕಿ ಅಲ್ರಿ ಸರ.”

“ಮತ್ತ?”

“ಮೊದಲ ಬಾಯಿ ಬಿಟ್ಟಾಂವ ಸೋತಂಗ್ರಿ. ಅಪ್ಪ ಹೇಳ್ತಾನ್ರಿ.”

ಅಗದಿ ಖರೇ ಮಾತು. ದನದ ಸಂತೆಯಲ್ಲಿ ಯಾರೂ ಬಾಯಿಂದ ದರ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಟವೆಲಿನ ಕೆಳಗೆ ಕೂಡುತ್ತವೆ. ಎಷ್ಟು ಬೆರಳು ಒತ್ತಿದರು, ಯಾವುದನ್ನು ಮಡಚಿದರು, ಅದರಲ್ಲೇ ಏರಿಳಿತ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಅಂಥ ಮನೆಯಲ್ಲಿ ಬೆಳೆದ ಹುಡುಗಿಯ ಮೌನ ದಡ್ಡತನವಲ್ಲ, ಅದು ಕಸುಬು. ನಾನು ಅದನ್ನು ಗುಣಪಡಿಸಬೇಕಾದ ರೋಗ ಎಂದುಕೊಂಡಿದ್ದೆ. ಹೊಸದಾಗಿ ಕಲಿಸಲು ಹೊರಟವರಿಗೆ ನನ್ನದೊಂದು ಸಲಹೆ: ಮಗು ಸುಮ್ಮನಿದ್ದರೆ ಬೆತ್ತ ಹುಡುಕುವ ಮೊದಲು ಆ ಮೌನವನ್ನು ಅದು ಎಲ್ಲಿ ಕಲಿಯಿತು ಎಂದು ವಿಚಾರಿಸಿ. ಅರ್ಧ ವ್ಯಾಪಾರ ಅಲ್ಲೇ ಮುಗಿಯುತ್ತದೆ.

ಮರುದಿನ ನಾನೂ ಒಂದು ಟವೆಲು ಹೆಗಲಿಗೆ ಹಾಕಿಕೊಂಡು ತರಗತಿಗೆ ಹೋದೆ. ಮೂರು ಮೂರು ಜನರ ಗುಂಪು ಮಾಡಿದೆ. ಇಬ್ಬರು ಟವೆಲಿನ ಕೆಳಗೆ ಬೆರಳಿನಲ್ಲೇ ಚೌಕಾಸಿ ಮಾಡಬೇಕು, ಮೂರನೆಯವರು ಟವೆಲಿನೊಳಗೆ ಇಣುಕಿ ಅದನ್ನು ಇಂಗ್ಲಿಷಿನಲ್ಲಿ ಸಾರಬೇಕು. ಹುಡುಗಿಯರ ಗುಂಪು ಬೇರೆ, ಹುಡುಗರದು ಬೇರೆ. ಏನು ಹೇಳಲಿ, ಎರಡೇ ದಿನದಲ್ಲಿ ಹಿಂದಿನ ಬೆಂಚಿನಿಂದ “ನೋ ನೋ, ಟೂ ಮಚ್” ಎಂಬ ಕೂಗು ಬಂತು. ಮಾತು ತನ್ನದಲ್ಲ, ಇನ್ನೊಬ್ಬರ ಬೆರಳಿನದು ಎಂದಾಗ ನಾಲಿಗೆಗೆ ಅಂಜಿಕೆ ಇರುವುದಿಲ್ಲ. ನಾನು ಊಟ ಮರೆತು ಹೊಸ ಹೊಸ ಮಾಲು ಯೋಚಿಸುತ್ತಿದ್ದೆ.

ಆದರೆ ಆ ಹುಡುಗಿ ಬೆರಳಿನಲ್ಲಿ ಎಲ್ಲರನ್ನೂ ಸೋಲಿಸಿದಳು, ಸಾರುವ ಸರದಿ ಬಂದರೆ ಗೆಳತಿಗೆ ಬಿಟ್ಟುಕೊಟ್ಟಳು. ಹಾಗೇ ಹದಿನೈದನೆಯ ದಿನ ಬಂತು. ಅವಳ ತಂದೆಯೂ ಬಂದರು.

“ಏನಾತ್ರಿ ಸರ?”

“ಕುಂಡ್ರಿ. ನನಗ ನಿಮ್ಮ ಬಡಿಗಿ ಬೇಕಾಗೇತಿ.”

“ಬಡಿಗಿ ಯಾಕ್ರಿ?”

“ಕೊಳ್ಳಾಕ. ಇವತ್ತ ನನಗ ಕನ್ನಡ ಬರಂಗಿಲ್ಲ. ನೀವು ಬಾಯಿ ಬಿಡಂಗಿಲ್ಲ. ನಿಮ್ಮ ಬೆರಳು ಆಕಿ ಕೈಯಾಗ, ಆಕಿ ಮಾತು ನನಗ. ದಲ್ಲಾಳಿ ಆಕೀನ.”

ಅವರಿಗೆ ಇದು ಆಟವೆಂದು ಗೊತ್ತಿತ್ತು. ಆದರೂ ಚೌಕಾಸಿ ಎಂದ ಮೇಲೆ ಅವರ ಮುಖದ ಚಹರೆಯೇ ಬದಲಾಯಿತು. ಟವೆಲು ಬಿಚ್ಚಿ ಮಗಳ ಕೈ ಮೇಲೆ ಹಾಸಿದರು.

ನಾನು ಬಡಿಗೆಯನ್ನು ತಿರುಗಿಸಿ ನೋಡಿ, ಮುಖ ಕಿವಿಚಿ, “ಫೈವ್ ರುಪೀಸ್,” ಎಂದೆ. ಐದು ಬೆರಳು ತೋರಿಸಿದ್ದರಿಂದ ಅದು ತಂದೆಗೂ ತಿಳಿಯಿತು. ಅವರ ಹುಬ್ಬು ಮೇಲೇರಿತು. ಟವೆಲು ಅಲುಗಾಡಿತು. ಹುಡುಗಿ ಸುಮ್ಮನೆ ನಿಂತಳು. ನಾನು “ಫೈವ್. ಫಿನಿಶ್,” ಎಂದು ಬಡಿಗೆ ಹಿಡಿದು ಬಾಗಿಲಿನ ಕಡೆ ನಡೆದೆ. ಹೊಸ್ತಿಲು ದಾಟಬೇಕು, ಆಗ ಹಿಂದಿನಿಂದ ದನಿ ಬಂತು.

“ನೋ ಸರ್. ಟ್ವೆಂಟಿ.”

ತಿರುಗಿದೆ. “ವೈ ಟ್ವೆಂಟಿ?”

ಇದನ್ನು ನಾನು ಬೇಕೆಂದೇ ಕೇಳಿದ್ದು. ಟವೆಲಿನ ಕೆಳಗೆ ಎಷ್ಟು ಎಂಬುದಕ್ಕೆ ಬೆರಳಿದೆ, ಯಾಕೆ ಎಂಬುದಕ್ಕೆ ಇಲ್ಲ. ಅವಳು ತಂದೆಯ ಕಡೆ ನೋಡಿದಳು. ಅವರಿಗೆ ಪ್ರಶ್ನೆಯೇ ತಿಳಿದಿರಲಿಲ್ಲ. ಇನ್ನು ಮಾತು ಅವಳದೇ ಆಗಬೇಕಿತ್ತು.

“ಗುಡ್ ಸ್ಟಿಕ್,” ಎಂದಳು. ನಿಂತಳು. “ಓಲ್ಡ್ ಸ್ಟಿಕ್. ಮೈ ಫಾದರ್ ವಾಕ್ ಆಲ್ ಮಾರ್ಕೆಟ್. ಬುಲ್ ಸೀ ದಿಸ್ ಸ್ಟಿಕ್, ಬುಲ್ ಫಿಯರ್.”

ವ್ಯಾಕರಣದ ಕಾಲು ಅಲ್ಲಲ್ಲಿ ಕುಂಟಿತ್ತು. ನಾನು ತಿದ್ದಲಿಲ್ಲ. ದಿನದ ಮೊದಲ ಬೋಣಿಗೆಯ ಹೊತ್ತಿನಲ್ಲಿ ಗಿರಾಕಿಯ ನೋಟಿನ ಸುಕ್ಕು ನೋಡಬಾರದು, ಇದನ್ನೂ ಹೊಸಬರು ನೆನಪಿಡಬೇಕು.

“ಏನಂದ್ಲಲೇ?” ಎಂದು ತಂದೆ ಮುಂದಿನ ಬೆಂಚಿನ ಹುಡುಗನನ್ನು ಕೇಳಿದರು.

“ನಿಮ್ಮ ಬಡಿಗಿ ಕಂಡ್ರ ಎತ್ತು ಹೆದರತಾವಂತ್ರಿ ಕಾಕಾ.”

“ಖರೇ ಅದ,” ಎಂದವರೇ ಟವೆಲಿನ ಕೆಳಗೆ ಮತ್ತೊಂದು ಬೆರಳು, ಅಂದರೆ ಮತ್ತೆ ಹತ್ತು ರೂಪಾಯಿ, ಒತ್ತಿದರು.

“ಥರ್ಟಿ,” ಎಂದಳು ಮಗಳು, ನಾನು ಕೇಳುವ ಮೊದಲೇ. ಇಡೀ ತರಗತಿ ಬೆಂಚು ಬಡಿಯಿತು. ಬಡಿಗೆ ನನಗೆ ದಕ್ಕಲಿಲ್ಲ. ಎಷ್ಟು ಏರಿಸಿದರೂ “ನಾಟ್ ಫಾರ್ ಸೇಲ್” ಎಂಬಲ್ಲಿಗೆ ಬಂದು ನಿಂತಳು. ಆ ಮಾತನ್ನು ನಾನು ಕಲಿಸಿದ್ದು ತರಗತಿಯ ಸಂತೆಯಲ್ಲಿ ಲಾಟೀನು ಮಾರಾಟಕ್ಕಿಟ್ಟ ದಿನ. ಆವತ್ತು ಅವಳು ತುಟಿ ಕೂಡ ಅಲುಗಿಸಿರಲಿಲ್ಲ.

ತಂದೆ ಎದ್ದರು. ಮುಖದ ಮೇಲಿನ ಸಂತೋಷವನ್ನು ವ್ಯಾಪಾರಿಯ ಹಾಗೆ ಒಳಗೇ ಇಟ್ಟುಕೊಂಡು, ಟವೆಲನ್ನು ನನ್ನ ಕೈ ಮೇಲೆ ಹಾಕಿದರು.

“ಕೈ ಕೊಡ್ರಿ ಸರ.”

ಒಂದು ಬೆರಳು ಒತ್ತಿದರು. ಮಾತಾಗಿದ್ದು ಅಷ್ಟೇ, ಹತ್ತನೆಯ ತರಗತಿಯ ಒಂದು ವರ್ಷ. ಆದರೆ ಮಾಲಿನ ಬೆಲೆ ಕಣ್ಣೆದುರಿಗೇ ಏರಿರುವಾಗ ಹಳೆಯ ದರಕ್ಕೆ ಬಿಡುವವನು ನಾನಲ್ಲ. ನವಲಗುಂದದಲ್ಲಿ ಕಾಲೇಜಿತ್ತು, ಊರಿನಿಂದ ಬಸ್ಸಿತ್ತು. ಮೂರು ಬೆರಳು ಒತ್ತಿದೆ.

“ಕಾಲೇಜ್ ಎರಡು ವರ್ಷಾನೂ ಸೇರಿಸಿ,” ಎಂದೆ ಮೆಲ್ಲಗೆ.

ಅವರು ಒಂದನ್ನು ಮಡಚಿದರು. ನಾನು ಬಿಚ್ಚಿದೆ. ಮತ್ತೆ ಮಡಚಿದರು. ನಾನು ಮತ್ತೆ ಬಿಚ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಇಬ್ಬರೂ ಬೇರೆಲ್ಲೋ ನೋಡುತ್ತ ನಿಂತಿದ್ದೆವು. ಅಲುಗಾಡುವ ಬಟ್ಟೆಯನ್ನು ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ತಡೆಯಲಾರದೆ ಅವಳೇ ಕೇಳಿದಳು, ಯಾರ ಬೆರಳೂ ಒತ್ತದೆ, ಯಾರೂ ಕೇಳು ಎನ್ನದೆ.

“ಹೌ ಮೆನಿ ಇಯರ್ಸ್, ಸರ್?”

“ಏನ ಕೇಳ್ತಾಳ್ರಿ?” ಎಂದರು ತಂದೆ.

“ಎಷ್ಟ ವರ್ಷಾ ಅಂತ. ನೀವ ಹೇಳ್ರಿ ಆಕಿಗೆ.”

ಅವರು ಮಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ, ದನದ ಸಂತೆಯಲ್ಲಿ ಎಂದೂ ಮಾಡದ ಕೆಲಸ ಮಾಡಿದರು. ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ಇಡೀ ತರಗತಿಗೆ ಕಾಣುವ ಹಾಗೆ ಕೈ ಎತ್ತಿ ಹಿಡಿದರು. ಮೂರೂ ಬೆರಳು ನೆಟ್ಟಗೆ ನಿಂತಿದ್ದವು.