ಕಾಯಿ ಒಡೆಯದ ಮೇಸ್ತ್ರಿ

ಇವತ್ತು ಗಂಗೊಳ್ಳಿ ಬಂದರಿನಲ್ಲಿ ಹಲಗೆಗೆ ಬಳಿದ ಮೀನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲ ಕೆಳಗೆ ಅಂದಿನ ದೋಣಿ ಮತ್ತೆ ಅಲ್ಲಾಡಿದಂತಾಯಿತು.

ಅಪ್ಪ ದೋಣಿ ಕಟ್ಟುವ ಮೇಸ್ತ್ರಿ. ಶಿಲುಬೆಯ ಗುರುತು ಮಾಡದೆ ಉಳಿ ಮುಟ್ಟಿದವನಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ, ಹೊಸ ದೋಣಿ ನೀರಿಗಿಳಿಸುವ ದಿನ ಅದರ ಮಾಲೀಕರು ಪೂಜೆ ಮುಗಿಸಿ ಅಪ್ಪನತ್ತ ತೆಂಗಿನಕಾಯಿ ಚಾಚಿದರು.

"ಮೇಸ್ತ್ರಿ, ದೋಣಿ ಮಾಡ್ದವ್ರೇ ಕಾಯಿ ಒಡೀಕ್."

"ಅದ್ ನನ್ ಕೈಲಿ ಆತಿಲ್ಲ ಅಣ್ಣಾ. ನಮ್ ನಂಬ್ಕಿ ಬೇರೆ."

ಮಾಲೀಕರ ಸ್ವರ ಗಡುಸಾಯಿತು. "ಹಂಗಾರೆ ಈ ದೋಣಿ ನಂಬ್ಕಂಡ್ ನಮ್ ಮಕ್ಳ್ ಹ್ಯಾಂಗ್ ಕಡ್ಲಿಗ್ ಹೋಪುದ್?"

ಅಪ್ಪ ನನ್ನನ್ನು ಎತ್ತಿ ದೋಣಿಯೊಳಗೆ ಕೂರಿಸಿ ತಾನೂ ಹತ್ತಿದ.

"ಮೊದ್ಲ್ ನನ್ ಮಗ್ಳ್ ಹೋತ್ಲ್. ನೂಕಿ."

ಹೊಳೆ ಕಡಲು ಸೇರುವ ಅಳಿವೆಯ ಅಲೆಗೆ ದೋಣಿ ವಾಲಿತು. ನಾನು ತಳದ ಹಲಗೆಗಳನ್ನೇ ನೋಡುತ್ತಿದ್ದೆ. ಒಂದು ಹನಿ ನೀರೂ ಒಳಗೆ ಬರಲಿಲ್ಲ.

ಇವತ್ತು ಅದೇ ದಡದಲ್ಲಿ ನಿಂತಾಗ ನೆನಪಾಯಿತು: ಅಪ್ಪನಿಗೆ ಈಜು ಬರುತ್ತಿರಲಿಲ್ಲ.