ಅಪ್ಪನಿಗೆ ಮಣ್ಣು ಹಚ್ಚಿದ ಅಕ್ಕ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಪ್ಪ ಹೂಂಗುಟ್ಟುವುದನ್ನು ನಿಲ್ಲಿಸಿದರು. ಮೊದಲು ಗಮನಿಸಿದವರು ಅಕ್ಕ. ಮೊಣಕೈವರೆಗೆ ಕಪ್ಪು ಮಣ್ಣು ಮೆತ್ತಿದ್ದ ಅವರ ಕೈಗಳು ಅಪ್ಪನ ಮಂಡಿಯ ಮೇಲೆ ಹಾಗೆಯೇ ನಿಂತವು. ನಾನು ಪಕ್ಕದ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಅಪ್ಪನಿಗೆ ಜೊಂಪು ಹತ್ತಿತು ಎಂದುಕೊಂಡೆ.

ಹೆಬ್ಬಗೋಡಿಯಲ್ಲಿ ಕೆಲಸಗಾರರ ಬಾಡಿಗೆ ಮನೆಗಳ ಸಾಲು ಮುಗಿಯುವಲ್ಲಿ ಒಂದು ಪುಟ್ಟ ಪ್ರಕೃತಿ ಚಿಕಿತ್ಸಾ ಕೇಂದ್ರವಿದೆ. ಅಲ್ಲಿ ಮಣ್ಣು ಹಚ್ಚುವವರನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ಅವರದು ಮಣ್ಣಿನ ಚಿಕಿತ್ಸೆಗೇ ಹೆಸರಾದ ಕಡಲ ಬದಿಯ ಊರು. ಕಣ್ಣಿನ ಮೇಲೂ ಮಣ್ಣಿನ ಪಟ್ಟಿ ಇಟ್ಟುಕೊಂಡು ಮಲಗಿದವರಿಗೆ ಆ ಊರಿನ ಕಥೆ ಹೇಳುವುದು ಅವರ ಪದ್ಧತಿ. ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. "ಹೂಂ ಅನ್ನದಿದ್ರೆ ಕಥೆ ಬಂದ್" ಎನ್ನುತ್ತಿದ್ದರು.

ಬಲೆ ಎಳೆದು ಭುಜ ಹಿಡಿದುಕೊಂಡ ಮೀನುಗಾರರು ಅಳಿವೆಯ ಕೆಸರು ಮೆತ್ತಿಕೊಂಡು ಬಿಸಿಲಿಗೆ ಕೂರುತ್ತಿದ್ದರಂತೆ. ಅದನ್ನು ಕಂಡ ವೈದ್ಯರೊಬ್ಬರು ತೆಂಗಿನ ಗರಿಯ ನಾಲ್ಕು ಚಪ್ಪರ ಹಾಕಿಸಿದರು. ಆಮೇಲೆ ಬಸ್ಸು ಬಂತು, ಲಾಡ್ಜು ಬಂತು, ಮನೆಮನೆಯ ಜಗಲಿಯೂ ಬಾಡಿಗೆಗೆ ಹೋಯಿತು.

"ಸಂಜೆ ಕಡಲ ಬದಿ ಎಲ್ಲ ಕಪ್ಪಗೆ ನಿಂತು ಒಣಗ್ತಿರ್ತಾರೆ. ಜಡ್ಜು ಯಾರು, ಅಡುಗೆಯವ ಯಾರು, ಎಂತ ಗೊತ್ತಾಗ್ತದೆ ಸಾರ್? ನನ್ನ ಗಂಡ ಅಂತ ಒಬ್ರ ಬೆನ್ನಿಗೆ ಗುದ್ದಿದೆ. ಅವ್ರು ತಹಸೀಲ್ದಾರ್ರು!"

ಮಂಡಿನೋವೆಂದು ನನ್ನ ಮನೆಗೆ ಬಂದು ಉಳಿದಿದ್ದ, ದಾವಣಗೆರೆಯ ನಿವೃತ್ತ ಮೇಷ್ಟ್ರಾದ ಅಪ್ಪ, ಮೈಮೇಲಿನ ಮಣ್ಣು ಬಿರುಕು ಬಿಡುವಷ್ಟು ನಗುತ್ತಿದ್ದರು.

ಮಣ್ಣಿಗೆ ಖಾಲಿ ಹೊಟ್ಟೆಯಲ್ಲೇ ಬರಬೇಕು. ಸಕ್ಕರೆ ಕಾಯಿಲೆಯವರನ್ನು ವೈದ್ಯರ ಚೀಟಿಯಿಲ್ಲದೆ ಸೇರಿಸುವುದಿಲ್ಲ. "ಸಕ್ಕರಿ ಐತಿ ಅಂತ ಹೇಳಬ್ಯಾಡ, ವಾಪಸ್ ಕಳಿಸ್ತಾರ" ಎಂದಿದ್ದರು ಅಪ್ಪ. ಮೊದಲ ದಿನ ಅಕ್ಕ ಕೇಳಿದಾಗ 'ಇಲ್ಲ' ಎಂದವಳು ನಾನು. ಹೂಂಗುಟ್ಟುವುದು ನಿಂತ ಆ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ, ತಿಂಡಿ ಬಿಟ್ಟು, ಸಕ್ಕರೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿ ಬಂದಿದ್ದರು.

"ಮೇಡಂ, ಇವ್ರಿಗೆ ಶುಗರ್ ಉಂಟಾ?"

"ಇಲ್ಲ."

ಅಪ್ಪನ ಹಣೆಯ ಮಣ್ಣು ಒಣಗುವ ಬದಲು ಬೆವರಿಗೆ ಕರಗಿ ಕಿವಿಯತ್ತ ಇಳಿಯುತ್ತಿತ್ತು.

"ಸುಳ್ಳು ಹೇಳ್ಬೇಡ ಮಾರಾಯ್ತಿ! ಅಪ್ಪ ಬೇಕಾ, ಬೇಡ್ವಾ?"

"ಇದೆ ಅಕ್ಕ. ಮಾತ್ರೆ ತಗೊಂಡಿದ್ದಾರೆ."

ಅಕ್ಕ ಕೈ ತೊಳೆದು, ಅಪ್ಪನ ಕಣ್ಣಿನ ಪಟ್ಟಿ ತೆಗೆದು, ಅವರನ್ನು ಪಕ್ಕಕ್ಕೆ ಹೊರಳಿಸಿ, ಬೆರಳಿನಿಂದ ಅವರ ಕೆನ್ನೆಯ ಒಳಗೆ ಜೇನುತುಪ್ಪವನ್ನು ಚೂರುಚೂರೇ ಸವರಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಅಪ್ಪ ಕಣ್ಣು ತೆರೆದಿದ್ದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿ ಮರುದಿನ ಮನೆಗೆ ಕಳಿಸಿದರು.

ನಿದ್ದೆ ಬಾರದಾದದ್ದು ನನಗೆ. ಅಪ್ಪ ಹಾಗೆ ಮಲಗಿರುವಾಗಲೂ 'ಇಲ್ಲ' ಎನ್ನಲು ನಾನು ಒಂದು ಕ್ಷಣವೂ ತಡವರಿಸಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ.

ಮೂರು ವಾರದ ನಂತರ, ಒಂದು ಶನಿವಾರ, ಕೇಂದ್ರಕ್ಕೆ ಹೋದೆ. ಅಕ್ಕ ಹಿತ್ತಿಲಲ್ಲಿ ಬೆಡ್‌ಶೀಟ್ ಒಗೆಯುತ್ತಿದ್ದರು. ಕಾಯಿಲೆ ವಿಚಾರಿಸದೆ ಮಣ್ಣು ಹಚ್ಚಿದರೆಂದು ಮ್ಯಾನೇಜರ್ ಅವರನ್ನು ಆ ಕೆಲಸದಿಂದ ತೆಗೆದಿದ್ದರು.

"ನಾನು ಸುಳ್ಳು ಹೇಳಿದ್ದನ್ನ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ನಿಮ್ಮಪ್ಪನ್ನ ಮತ್ತೆ ಒಳಗೆ ಬಿಡ್ತಾರಾ? ಕಥೆ ಅರ್ಧಕ್ಕೆ ನಿಂತಿದೆ."

ನೇರ ಮ್ಯಾನೇಜರ್ ಕೋಣೆಗೆ ಹೋದೆ. "ಅವ್ರು ಎರಡು ಸಲ ಕೇಳಿದ್ರು ಸಾರ್. ಎರಡು ಸಲವೂ ಸುಳ್ಳು ಹೇಳಿದ್ದು ನಾನು." ಅದನ್ನೇ ಬರೆದು ಸಹಿ ಹಾಕಿದೆ. ಸೋಮವಾರದಿಂದ ಅಕ್ಕನನ್ನು ಮಣ್ಣಿನ ಕೆಲಸಕ್ಕೆ ಮರಳಿಸುವುದಾಗಿ ಮ್ಯಾನೇಜರ್ ಹೇಳಿದರು.

ಹೊರಗೆ ಬಂದು ಅಕ್ಕನಿಗೆ ತಿಳಿಸಿದೆ. ಅವರು ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ನನ್ನತ್ತ ಚಾಚಿ, "ಹಿಡ್ಕೊ, ಗಟ್ಟಿಯಾಗಿ ಹಿಂಡು" ಎಂದರು, ಅಷ್ಟೇ.

ಭಾನುವಾರ, ಮೂರು ವಾರದಲ್ಲಿ ಮೊದಲ ಸಲ, ನನ್ನ ಕೋಣೆಯ ಬಾಗಿಲು ತಟ್ಟಿ ಎಬ್ಬಿಸಿದವರು ಅಪ್ಪ. "ಏಳವ್ವಾ, ಎಂಟಾತು."